ಚೀನಾ ಕೊಳ್ಳಲಾಗದೆ ಹೋದ ಹಿಮದ ನೆಲ

ಪ್ರಶ್ನೆ: ಚೀನಾಕ್ಕೂ ಉತ್ತರ ಧ್ರುವಕ್ಕೂ ನೆಲದ ನಂಟಿಲ್ಲ. ಆದರೂ ಅದು ತನ್ನನ್ನು ‘ಆರ್ಕ್ಟಿಕ್‌ಗೆ ಸಮೀಪದ ದೇಶ’ ಎಂದು ಕರೆದುಕೊಂಡ ಮೇಲೆ ಡೆನ್ಮಾರ್ಕ್, ನಾರ್ವೆ, ಅಮೆರಿಕಗಳು ತಮ್ಮ ಧ್ರುವ ನೀತಿಯನ್ನೇ ಬದಲಿಸಿಕೊಂಡವು ಎಂದು ಓದಿದೆ. ಒಂದು ದೇಶದ ಆಸೆಗೆ ಇಷ್ಟು ಬಲ ಇರುತ್ತದೆಯೇ? ಭಾರತವೂ 2022ರಲ್ಲಿ ಆರ್ಕ್ಟಿಕ್ ನೀತಿ ಪ್ರಕಟಿಸಿತಲ್ಲ, ಅದು ಚೀನಾಕ್ಕೆ ಕೊಟ್ಟ ಉತ್ತರವೇ? (ಧಾರವಾಡದ ಓದುಗರೊಬ್ಬರು)

ಉತ್ತರ: ನೆಲದ ನಂಟಿನ ಬಗ್ಗೆ ನಿಮ್ಮ ಅನುಮಾನ ಸರಿಯಾದದ್ದೇ. ಗೋಡೆಯ ನಕ್ಷೆಯನ್ನು ಬಿಟ್ಟು ಒಂದು ಗೋಳವನ್ನು ಕೈಗೆತ್ತಿಕೊಂಡು ಮೇಲಿನಿಂದ ನೋಡಿ. ಚೀನಾದ ಉತ್ತರದ ತುದಿಯಾದ ಮೋಹೆ ಇರುವುದು ಸುಮಾರು 53 ಡಿಗ್ರಿ ಅಕ್ಷಾಂಶದಲ್ಲಿ. ಆರ್ಕ್ಟಿಕ್ ವೃತ್ತ ಶುರುವಾಗುವುದು ಅರವತ್ತಾರೂವರೆ ಡಿಗ್ರಿಯಲ್ಲಿ. ನಡುವೆ ಸುಮಾರು 1,400 ಕಿಲೋಮೀಟರ್ ಅಂತರ, ಅಷ್ಟೂ ರಷ್ಯಾದ ನೆಲ. ಜರ್ಮನಿಯ ಹ್ಯಾಂಬರ್ಗ್, ಐರ್ಲೆಂಡಿನ ಡಬ್ಲಿನ್ ನಗರಗಳು ಹೆಚ್ಚುಕಡಿಮೆ ಮೋಹೆಯ ಅಕ್ಷಾಂಶದಲ್ಲೇ ಇವೆ. ಅವರು ಯಾರೂ ತಮ್ಮನ್ನು ಧ್ರುವದ ನೆರೆಯವರು ಎಂದು ಕರೆದುಕೊಂಡಿಲ್ಲ. ಚೀನಾ ಹಾಗೆ ಕರೆದುಕೊಂಡದ್ದು 2018ರ ಜನವರಿ 26ರಂದು ಹೊರಡಿಸಿದ ಶ್ವೇತಪತ್ರದಲ್ಲಿ. ‘ಧ್ರುವ ರೇಷ್ಮೆ ಮಾರ್ಗ’ ಎಂಬ ಮಾತು ಅಧಿಕೃತ ನೀತಿಯಾದದ್ದೂ ಅದೇ ಪತ್ರದಲ್ಲಿ.

ಆದರೆ ಬೇರೆ ದೇಶಗಳನ್ನು ಅಲುಗಾಡಿಸಿದ್ದು ಆ ಪತ್ರವೊಂದೇ ಎಂದು ತಿಳಿಯಬೇಡಿ. ಹಲವು ವರ್ಷಗಳಿಂದ ಈ ವಿಷಯದ ಬೆನ್ನು ಹತ್ತಿರುವ ನನಗೆ ಮನವರಿಕೆಯಾಗಿರುವ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಚೀನಾ ಧ್ರುವ ಪ್ರದೇಶದಲ್ಲಿ ಪಡೆದುಕೊಂಡದ್ದಕ್ಕಿಂತ, ಕೇಳಿ ಸಿಗದೆ ಹೋದದ್ದೇ ಇತರರ ನೀತಿಯನ್ನು ಹೆಚ್ಚು ತಿದ್ದಿದೆ.

ನಮ್ಮ ಹಳ್ಳಿಗಳಲ್ಲಿ ಇಂಥದ್ದನ್ನು ಕಾಣದವರಿಲ್ಲ. ಊರಾಚೆ ತಲೆಮಾರಿನಿಂದ ಬೀಳುಬಿದ್ದ ಜಮೀನು ಇರುತ್ತದೆ. ಅಣ್ಣತಮ್ಮಂದಿರಲ್ಲಿ ಒಬ್ಬರೂ ಅತ್ತ ಸುಳಿಯುವುದಿಲ್ಲ. ಒಂದು ದಿನ ಪರವೂರಿನ ಹಣವಂತನೊಬ್ಬ ಬಂದು ‘ಎಕರೆಗೆ ಎಷ್ಟು?’ ಎಂದು ಕೇಳುತ್ತಾನೆ. ಅವನು ಕೊಳ್ಳಲಿ ಬಿಡಲಿ, ಮರುವಾರವೇ ಪಹಣಿ ತೆಗೆಸುತ್ತಾರೆ, ಸರ್ವೆಯವರನ್ನು ಕರೆಸುತ್ತಾರೆ, ಗಡಿಗಲ್ಲು ನೆಡುತ್ತಾರೆ, ಬೇಲಿ ಬೀಳುತ್ತದೆ. ಅಷ್ಟು ಕಾಲ ಅಲ್ಲಿ ಕುರಿ ಮೇಯಿಸಿಕೊಂಡಿದ್ದವರನ್ನು ಮಾತ್ರ ಯಾರೂ ಕರೆದು ಕೇಳುವುದಿಲ್ಲ.

ಮೊದಲ ಬೆಲೆ ಕೇಳಿದ್ದು ಐಸ್‌ಲ್ಯಾಂಡಿನಲ್ಲಿ. 2011ರಲ್ಲಿ ಹುವಾಂಗ್ ನುಬೊ ಎಂಬ ಚೀನೀ ಉದ್ಯಮಿ ಆ ದೇಶದ ಈಶಾನ್ಯದ ಗ್ರಿಮ್‌ಸ್ಟಾದಿರ್ ಎಂಬಲ್ಲಿ ಸುಮಾರು 300 ಚದರ ಕಿಲೋಮೀಟರ್ ನೆಲ ಕೊಂಡು ಹೋಟೆಲ್, ಗಾಲ್ಫ್ ಮೈದಾನ ಕಟ್ಟುವುದಾಗಿ ಮುಂದೆ ಬಂದರು. ಗಾಳಿ ಹೊಡೆಯುವ ಆ ಬಯಲಿನಲ್ಲಿ ಗಾಲ್ಫ್ ಯಾಕೆ ಎಂಬ ಪ್ರಶ್ನೆ ಐಸ್‌ಲ್ಯಾಂಡಿನವರನ್ನು ಕಾಡಿತು. ನವೆಂಬರ್ ಹೊತ್ತಿಗೆ ಸರ್ಕಾರ ಅನುಮತಿ ನಿರಾಕರಿಸಿತು. ಆದರೂ 2013ರ ಏಪ್ರಿಲ್‌ನಲ್ಲಿ ಅದೇ ಐಸ್‌ಲ್ಯಾಂಡ್ ಚೀನಾದೊಂದಿಗೆ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿತು. ಯುರೋಪಿನ ದೇಶವೊಂದು ಚೀನಾದೊಂದಿಗೆ ಮಾಡಿಕೊಂಡ ಮೊದಲ ಇಂಥ ಒಪ್ಪಂದ ಅದು. ಮೀನು ಮಾರುತ್ತೇವೆ, ನೆಲ ಮಾರುವುದಿಲ್ಲ ಎಂಬ ಗೆರೆ ಅಲ್ಲಿ ಬಿತ್ತು.

ಗ್ರೀನ್‌ಲ್ಯಾಂಡಿನ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಯ ತಿರುಳು ಅಲ್ಲಿದೆ. 21 ಲಕ್ಷ ಚದರ ಕಿಲೋಮೀಟರಿಗೂ ಮಿಕ್ಕಿದ ದ್ವೀಪ, ಜನಸಂಖ್ಯೆ ಸುಮಾರು 56,000. ನಮ್ಮ ಒಂದು ತಾಲ್ಲೂಕು ಕೇಂದ್ರದಷ್ಟು. ಡೆನ್ಮಾರ್ಕ್ ರಾಜ್ಯದ ಭಾಗವಾದರೂ 2009ರಿಂದ ಸ್ವಯಮಾಡಳಿತವಿದೆ. ಗಣಿಯ ಹಕ್ಕು ರಾಜಧಾನಿ ನುಕ್‌ನಲ್ಲಿ ಕೂತ ಸರ್ಕಾರದ್ದು, ರಕ್ಷಣೆ ಮತ್ತು ವಿದೇಶಾಂಗ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನದ್ದು. ವಿಮಾನ ನಿಲ್ದಾಣ ಕಟ್ಟುವುದು ಈ ಎರಡರಲ್ಲಿ ಯಾರ ಕೆಲಸ? ಕಟ್ಟುವವರು ಚೀನಾದವರಾದರೆ ಅದು ಸಾರಿಗೆಯ ವಿಷಯವೋ, ರಕ್ಷಣೆಯ ವಿಷಯವೋ?

ಮೊದಲು ಎದ್ದದ್ದು ಗ್ರೋನೆಡಾಲ್ ಎಂಬ ಹಳೆಯ ನೌಕಾನೆಲೆಯ ಮಾತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕನ್ನರು ಕಟ್ಟಿದ್ದು, ಆಮೇಲೆ ಡೆನ್ಮಾರ್ಕಿನ ಕೈಗೆ ಬಂದದ್ದು, 2014ರಲ್ಲಿ ಬಾಗಿಲು ಮುಚ್ಚಿದ್ದು. ಮಾರಾಟಕ್ಕಿದೆ ಎಂದಾಗ 2016ರಲ್ಲಿ ಆಸಕ್ತಿ ತೋರಿಸಿದ್ದು ಜನರಲ್ ನೈಸ್ ಎಂಬ ಚೀನೀ ಗಣಿ ಸಂಸ್ಥೆ. ಅದೇ ವರ್ಷ ಡೆನ್ಮಾರ್ಕ್ ಸರ್ಕಾರ ಆ ನೆಲೆ ತನಗೇ ಬೇಕು ಎಂದು ಮಾರಾಟದಿಂದ ಹಿಂತೆಗೆಯಿತು. ಬೇಡವೆಂದು ಬಿಟ್ಟಿದ್ದ ಕಟ್ಟಡಗಳು ಒಬ್ಬ ಗಿರಾಕಿ ಬಂದ ಮಾತ್ರಕ್ಕೆ ದೇಶದ ಭದ್ರತೆಯ ಭಾಗವಾದವು.

ಆಮೇಲೆ ವಿಮಾನ ನಿಲ್ದಾಣ. ನುಕ್‌ನ ಹಳೆಯ ಓಡುದಾರಿ ಒಂದು ಕಿಲೋಮೀಟರ್ ಕೂಡ ಇರಲಿಲ್ಲ. ಸಣ್ಣ ಪ್ರೊಪೆಲರ್ ವಿಮಾನಗಳಷ್ಟೇ ಇಳಿಯುತ್ತಿದ್ದವು. ಕೋಪನ್‌ಹೇಗನ್‌ನಿಂದ ಬಂದವರು ಕಾಂಗರ್ಲುಸ್ಸುವಾಕ್ ಎಂಬ ಹಳೆಯ ಅಮೆರಿಕನ್ ವಾಯುನೆಲೆಯಲ್ಲಿ ಇಳಿದು, ಹವಾಮಾನ ಒಲಿಯುವವರೆಗೆ ಕಾದು, ಚಿಕ್ಕ ವಿಮಾನ ಹತ್ತಿ ತಮ್ಮದೇ ರಾಜಧಾನಿಗೆ ಹೋಗಬೇಕಿತ್ತು. ಊರಿಂದ ಊರಿಗೆ ರಸ್ತೆಯಿಲ್ಲದ ದೇಶದಲ್ಲಿ ಓಡುದಾರಿ ಎಂದರೆ ಹೆರಿಗೆಗೆ ಹೋಗುವ ದಾರಿ, ತರಕಾರಿ ಬರುವ ದಾರಿ. ದೊಡ್ಡ ನಿಲ್ದಾಣಗಳಿಗೆ ಬೇಕಾದಷ್ಟು ಹಣ ನುಕ್‌ನ ಬೊಕ್ಕಸದಲ್ಲಿ ಇರಲಿಲ್ಲ. 2017ರಲ್ಲಿ ಗ್ರೀನ್‌ಲ್ಯಾಂಡಿನ ಪ್ರಧಾನಿ ಕಿಮ್ ಕೀಲ್ಸೆನ್ ಚೀನಾಕ್ಕೆ ಹೋಗಿ ಬಂದರು. 2018ರಲ್ಲಿ ಗುತ್ತಿಗೆಯ ಅಂತಿಮ ಪಟ್ಟಿಯಲ್ಲಿ ಚೀನಾ ಕಮ್ಯುನಿಕೇಷನ್ಸ್ ಕನ್‌ಸ್ಟ್ರಕ್ಷನ್ ಎಂಬ ಸರ್ಕಾರಿ ಸಂಸ್ಥೆಯ ಹೆಸರು ಕಾಣಿಸಿತು.

ವಾಷಿಂಗ್ಟನ್ ಎಚ್ಚೆತ್ತಿತು. ಸಾಲ ತೀರದಿದ್ದರೆ ಓಡುದಾರಿ ಚೀನಾದ ಹಿಡಿತಕ್ಕೆ ಹೋಗುತ್ತದೆ, ದ್ವೀಪದ ವಾಯವ್ಯದಲ್ಲಿ ಕ್ಷಿಪಣಿಗಳನ್ನು ಗುರುತಿಸುವ ತನ್ನ ಥೂಲೆ ನೆಲೆಗೆ (ಈಗ ಅದರ ಹೆಸರು ಪಿಟುಫಿಕ್) ಕುತ್ತು ಬರುತ್ತದೆ ಎಂಬುದು ಅದರ ಚಿಂತೆ. ಆಗಿನ ರಕ್ಷಣಾ ಕಾರ್ಯದರ್ಶಿ ಜೇಮ್ಸ್ ಮ್ಯಾಟಿಸ್ ಡೆನ್ಮಾರ್ಕಿನ ರಕ್ಷಣಾ ಸಚಿವರ ಮುಂದೆ ಈ ವಿಷಯ ಎತ್ತಿದರು. ಸೆಪ್ಟೆಂಬರ್ ಹೊತ್ತಿಗೆ ಡೆನ್ಮಾರ್ಕ್ 700 ದಶಲಕ್ಷ ಕ್ರೋನರ್ ಹಾಕಿ ನಿಲ್ದಾಣ ಸಂಸ್ಥೆಯ ಮೂರನೇ ಒಂದು ಪಾಲು ಕೊಂಡಿತು, ಕಡಿಮೆ ಬಡ್ಡಿಯ ಸಾಲವನ್ನೂ ಕೊಟ್ಟಿತು. ಮರುವರ್ಷ ಚೀನೀ ಸಂಸ್ಥೆ ಹಿಂದೆ ಸರಿಯಿತು. 2024ರ ನವೆಂಬರ್ 28ರಂದು ನುಕ್‌ನಲ್ಲಿ 2,200 ಮೀಟರ್ ಓಡುದಾರಿಯ ಹೊಸ ನಿಲ್ದಾಣ ತೆರೆಯಿತು. 2025ರ ಜೂನ್‌ನಲ್ಲಿ ನ್ಯೂಯಾರ್ಕ್ ಪಕ್ಕದ ನ್ಯೂವಾರ್ಕ್‌ನಿಂದ ಅಲ್ಲಿಗೆ ನೇರ ವಿಮಾನ ಹಾರಾಟ ಆರಂಭವಾಯಿತು.

ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಚೀನಾ ಅಲ್ಲ. ಗ್ರೀನ್‌ಲ್ಯಾಂಡಿನವರ ಹಳೆಯ ಕೊರತೆಯೊಂದಕ್ಕೆ ಕೋಪನ್‌ಹೇಗನ್‌ನ ಹಣಪೆಟ್ಟಿಗೆ ತೆರೆದದ್ದು ಪಟ್ಟಿಯಲ್ಲಿ ಬೀಜಿಂಗ್‌ನ ಹೆಸರು ಬಿದ್ದ ಕೆಲವೇ ತಿಂಗಳಲ್ಲಿ. ಆ ಹಣವನ್ನು ಅಲ್ಲಿ ಎಲ್ಲರೂ ಸಂತೋಷದಿಂದ ತೆಗೆದುಕೊಂಡರು ಎಂದೂ ತಿಳಿಯಬೇಡಿ. ನಮ್ಮ ನಿಲ್ದಾಣದಲ್ಲಿ ಡೆನ್ಮಾರ್ಕಿಗೆ ಪಾಲು ಯಾಕೆ ಎಂದು ನಲೆರಾಕ್ ಪಕ್ಷ ಮೈತ್ರಿ ಸರ್ಕಾರದಿಂದಲೇ ಹೊರನಡೆಯಿತು. ದೊಡ್ಡವರ ಪೈಪೋಟಿಯಲ್ಲಿ ಸಣ್ಣವರು ಬರಿಯ ಪಗಡೆಕಾಯಿಗಳು ಎಂಬ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ಬೆಲೆ ಕೇಳಲು ಬಂದವನನ್ನು ತೋರಿಸಿ ಅಣ್ಣನಿಂದ ಬಾವಿ ತೋಡಿಸಿಕೊಳ್ಳುವ ಜಾಣ್ಮೆಯನ್ನು ನುಕ್‌ನ ರಾಜಕಾರಣಿಗಳು ಬೇಗ ಕಲಿತರು.

ಇನ್ನೊಂದು ಘಟನೆಯನ್ನು ಪತ್ರಿಕೆಗಳು ಚೀನಾದ ಸೋಲು ಎಂದೇ ಬರೆದವು, ಆದರೆ ಅದು ಹಾಗಿರಲಿಲ್ಲ. ದಕ್ಷಿಣ ಗ್ರೀನ್‌ಲ್ಯಾಂಡಿನ ಕುವಾನೆರ್ಸುಯಿಟ್ ಬೆಟ್ಟದಲ್ಲಿ ಅಪರೂಪದ ಲೋಹಗಳಿವೆ, ಜೊತೆಗೆ ಯುರೇನಿಯಂ ಇದೆ. ಗಣಿ ತೋಡಲು ಹೊರಟ ಆಸ್ಟ್ರೇಲಿಯಾದ ಕಂಪನಿಯಲ್ಲಿ ಚೀನಾದ ಶೆಂಘೆ ಸಂಸ್ಥೆಗೆ ಪಾಲಿತ್ತು. ಬೆಟ್ಟದ ಬುಡದಲ್ಲಿ ನಾರ್ಸಾಕ್ ಎಂಬ ಪುಟ್ಟ ಪಟ್ಟಣ. ಸುತ್ತಮುತ್ತ ಕುರಿ ಸಾಕುವವರು, ಕೊಲ್ಲಿಯಲ್ಲಿ ಮೀನು ಹಿಡಿಯುವವರು. ಗಣಿಯ ಧೂಳು ಹುಲ್ಲಿನ ಮೇಲೆ ಕೂತರೆ ಏನು ಗತಿ ಎಂಬುದು ಅವರ ಅಂಜಿಕೆ. 2021ರ ಏಪ್ರಿಲ್ ಚುನಾವಣೆಯಲ್ಲಿ ಗಣಿಯನ್ನು ವಿರೋಧಿಸಿದ ಇನುಯಿಟ್ ಅಟಕಾಟಿಗಿಟ್ ಪಕ್ಷ ಗೆದ್ದಿತು; ವರ್ಷ ಮುಗಿಯುವ ಮೊದಲು ಯುರೇನಿಯಂ ಗಣಿಗಾರಿಕೆಗೆ ತಡೆ ಬಂತು. ಪಾಲುದಾರ ಚೀನಾದವನಾಗಿರದೆ ಕೆನಡಾದವನಾಗಿದ್ದರೂ ನಾರ್ಸಾಕ್‌ನವರ ಕಾರಣ ಬದಲಾಗುತ್ತಿರಲಿಲ್ಲ. ಧ್ರುವದ ಬಗ್ಗೆ ಓದುವಾಗ ಈ ಭೇದವನ್ನು ಮರೆಯಬೇಡಿ ಎಂದು ಕೇಳಿಕೊಳ್ಳುತ್ತೇನೆ. ಅಲ್ಲಿ ಜನ ಬದುಕುತ್ತಿದ್ದಾರೆ. ಅವರ ‘ಬೇಡ’ಕ್ಕೆ ಅವರದೇ ಕಾರಣಗಳಿವೆ.

ಮುಂದಿನದು ನಿಮಗೆ ಗೊತ್ತಿರುವುದೇ. 2019ರ ಆಗಸ್ಟ್‌ನಲ್ಲಿ ಡೊನಾಲ್ಡ್ ಟ್ರಂಪ್ ಗ್ರೀನ್‌ಲ್ಯಾಂಡನ್ನೇ ಕೊಳ್ಳುವ ಮಾತಾಡಿದರು. 1953ರಲ್ಲಿ ಮುಚ್ಚಿದ್ದ ಅಮೆರಿಕದ ದೂತಾಲಯ ಕಚೇರಿ 2020ರ ಜೂನ್‌ನಲ್ಲಿ ನುಕ್‌ನಲ್ಲಿ ಮತ್ತೆ ತೆರೆಯಿತು. ಎರಡನೇ ಬಾರಿ ಅಧಿಕಾರಕ್ಕೆ ಬರುವ ಹೊತ್ತಿಗೆ ಟ್ರಂಪ್ ಮತ್ತೆ ಅದೇ ಮಾತನ್ನು ಇನ್ನೂ ಗಡುಸಾಗಿ ಎತ್ತಿದರು. ಡೆನ್ಮಾರ್ಕ್ 2024ರ ಡಿಸೆಂಬರ್‌ನಲ್ಲಿ ಎರಡು ಗಸ್ತು ಹಡಗು, ಎರಡು ಡ್ರೋನ್, ಎರಡು ನಾಯಿಬಂಡಿ ತಂಡಗಳನ್ನು ಹೆಚ್ಚಿಸುವುದಾಗಿ ಹೇಳಿತು. ಒಂದೇ ತಿಂಗಳಲ್ಲಿ ಅದು ಸಾಲದೆಂದು 14.6 ಶತಕೋಟಿ ಕ್ರೋನರ್‌ಗಳ ಯೋಜನೆ ಪ್ರಕಟಿಸಿತು. ಚೀನಾದ ನೆಪದಿಂದ ಆರಂಭವಾದ ಸರಪಳಿ ಕೊನೆಗೆ ಡೆನ್ಮಾರ್ಕ್ ತನ್ನ ಅತಿ ಹಳೆಯ ಮಿತ್ರನಿಂದಲೇ ದ್ವೀಪವನ್ನು ಕಾಯ್ದುಕೊಳ್ಳಬೇಕಾದ ಸ್ಥಿತಿಗೆ ತಂದು ನಿಲ್ಲಿಸಿತು. ಗ್ರೀನ್‌ಲ್ಯಾಂಡಿನಲ್ಲಿ ಆ ಹೊತ್ತಿಗೆ ಚೀನಾದ್ದು ಎನ್ನುವ ಒಂದು ಗಣಿಯೂ ನಡೆಯುತ್ತಿರಲಿಲ್ಲ.

ನಾರ್ಡಿಕ್ ದೇಶಗಳ ಉಳಿದ ಪ್ರಕರಣಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಫಿನ್‌ಲ್ಯಾಂಡಿನ ಕೆಮಿಯಾರ್ವಿ ವಿಮಾನ ನಿಲ್ದಾಣವನ್ನು ಧ್ರುವ ಸಂಶೋಧನೆಯ ಹಾರಾಟಕ್ಕೆ ಬಳಸುತ್ತೇವೆ ಎಂದು ಚೀನಾದವರು 2018ರಲ್ಲಿ ಕೇಳಿದರು. ರಕ್ಷಣಾ ಇಲಾಖೆ ಒಪ್ಪಲಿಲ್ಲ. ಸ್ವೀಡನ್ನಿನ ಸರ್ಕಾರಿ ಬಾಹ್ಯಾಕಾಶ ಸಂಸ್ಥೆ ಚೀನಾದೊಂದಿಗಿನ ಭೂಕೇಂದ್ರದ ಒಪ್ಪಂದಗಳನ್ನು ನವೀಕರಿಸುವುದಿಲ್ಲ ಎಂದು 2020ರಲ್ಲಿ ಹೇಳಿತು. ಅತ್ತ ಕೆನಡಾದಲ್ಲಿ ಅದೇ ವರ್ಷದ ಡಿಸೆಂಬರ್‌ನಲ್ಲಿ ನುನಾವುತ್‌ನ ಹೋಪ್ ಬೇ ಚಿನ್ನದ ಗಣಿಯನ್ನು ಶಾಂಡೋಂಗ್ ಗೋಲ್ಡ್ ಕೊಳ್ಳುವುದನ್ನು ಸರ್ಕಾರ ತಡೆಯಿತು.

ಸ್ವಾಲ್ಬಾರ್ಡ್ ಮಾತ್ರ ಬೇರೆಯೇ ಬಗೆಯದು, ಏಕೆಂದರೆ ಅಲ್ಲಿ ಚೀನಾಕ್ಕೆ ಹಕ್ಕಿದೆ. 1920ರ ಪ್ಯಾರಿಸ್ ಒಪ್ಪಂದದಂತೆ ಆ ದ್ವೀಪಸಮೂಹ ನಾರ್ವೆಯದು. ಆದರೆ ಸಹಿ ಹಾಕಿದ ಎಲ್ಲ ದೇಶಗಳ ಪ್ರಜೆಗಳಿಗೂ ಬೇಟೆ, ಮೀನುಗಾರಿಕೆ, ಗಣಿಗಾರಿಕೆಯಲ್ಲಿ ಸಮಾನ ಅವಕಾಶ. ಚೀನಾ 1925ರಲ್ಲಿ ಸೇರಿತು. ಭಾರತವೂ ಬ್ರಿಟಿಷ್ ಕಾಲದಿಂದಲೇ ಅದರೊಳಗಿದೆ. 79 ಡಿಗ್ರಿ ಉತ್ತರದ ನಿ-ಓಲೆಸುಂಡ್ ಎಂಬ ಹಳೆಯ ಕಲ್ಲಿದ್ದಲು ಹಳ್ಳಿಯಲ್ಲಿ ಈಗ ಹಲವು ದೇಶಗಳ ಸಂಶೋಧಕರಿದ್ದಾರೆ. ಅಲ್ಲಿನ ಒಂದು ಕಟ್ಟಡದ ಬಾಗಿಲಿನ ಎರಡೂ ಬದಿಯಲ್ಲಿ ಕಲ್ಲಿನ ಸಿಂಹಗಳು ಕೂತಿವೆ, ಚೀನಾದ ಅರಮನೆ ಬಾಗಿಲಲ್ಲಿ ಕೂರುವಂಥವು. 2004ರಲ್ಲಿ ಆರಂಭವಾದ ಚೀನಾದ ‘ಹಳದಿ ನದಿ’ ಕೇಂದ್ರ ಅದು. ಕಟ್ಟಡದ ಒಡೆತನ ನಾರ್ವೆಯ ಸರ್ಕಾರಿ ಕಂಪನಿಯದು, ಚೀನಾ ಬಾಡಿಗೆದಾರ. ಬಾಡಿಗೆದಾರ ಹೊಸ್ತಿಲಲ್ಲಿ ಸಿಂಹ ಕೂರಿಸಿದರೆ ಮನೆ ಯಾರದೆಂದು ದಾರಿಹೋಕರಿಗೆ ಅನುಮಾನ ಬರುತ್ತದೆ. ನಾರ್ವೆಯ ಅಧಿಕಾರಿಗಳ ಕಸಿವಿಸಿ ಇದೇ.

2019ರಲ್ಲಿ ನಾರ್ವೆ ಆ ಹಳ್ಳಿಗೆ ಹೊಸ ಸಂಶೋಧನಾ ನೀತಿ ತಂದಿತು. ಕೆಲಸ ವಿಷಯದ ಆಧಾರದಲ್ಲಿ ಒಟ್ಟಾಗಿ ನಡೆಯಬೇಕು, ದೇಶಕ್ಕೊಂದು ಕೋಟೆಯಾಗಬಾರದು ಎಂಬುದು ಅದರ ಸಾರ. 2022ರಲ್ಲಿ, ನಾರ್ವೆಯ ಮುಖ್ಯಭೂಮಿಯಲ್ಲಿ ಮೂರು ವರ್ಷ ವಾಸವಿರದ ವಿದೇಶಿಯರಿಗೆ ಸ್ವಾಲ್ಬಾರ್ಡಿನ ಸ್ಥಳೀಯ ಚುನಾವಣೆಯ ಮತದ ಹಕ್ಕು ಹೋಯಿತು. 2024ರಲ್ಲಿ ಸೋರೆ ಫಾಗರ್‌ಫ್ಯೋರ್ಡ್ ಎಂಬ ಸುಮಾರು 60 ಚದರ ಕಿಲೋಮೀಟರ್ ಖಾಸಗಿ ನೆಲ 300 ದಶಲಕ್ಷ ಯೂರೋಗೆ ಮಾರಾಟಕ್ಕೆ ಬಂದಾಗ, ಒಪ್ಪಿಗೆಯಿಲ್ಲದೆ ಮಾರಕೂಡದು ಎಂದು ಸರ್ಕಾರ ಅಡ್ಡ ನಿಂತಿತು. ಇವೆಲ್ಲಕ್ಕೂ ಚೀನಾ ಒಂದೇ ಕಾರಣ ಎನ್ನಲಾಗದು, ಪಕ್ಕದಲ್ಲೇ ರಷ್ಯಾದ ಗಣಿಪಟ್ಟಣವೂ ಇದೆ. ಆದರೆ ಪರಿಣಾಮ ಬಿದ್ದದ್ದು ಎಲ್ಲರ ಮೇಲೆ. ಸ್ವಾಲ್ಬಾರ್ಡಿನ ಮುಖ್ಯ ಪಟ್ಟಣ ಲಾಂಗಿಯರ್‌ಬ್ಯೆನ್‌ನಲ್ಲಿ ವರ್ಷಗಳಿಂದ ಹೋಟೆಲುಗಳಲ್ಲಿ ದುಡಿಯುತ್ತಿರುವ ಥಾಯ್ಲೆಂಡ್, ಫಿಲಿಪೀನ್ಸ್‌ನವರು ಯಾವ ಮಹಾಶಕ್ತಿಯ ಪರವಾಗಿಯೂ ಬಂದವರಲ್ಲ. ಮತ ಹೋದದ್ದು ಅವರದೂ.

ಅಮೆರಿಕದ ಬಗ್ಗೆ ನನಗೆ ನಿಜಕ್ಕೂ ಬೇಸರವಿದೆ. 2019ರ ಮೇ ತಿಂಗಳಲ್ಲಿ ಫಿನ್‌ಲ್ಯಾಂಡಿನ ರೊವಾನಿಯೆಮಿಯಲ್ಲಿ ಆರ್ಕ್ಟಿಕ್ ಮಂಡಳಿಯ, ಅಂದರೆ ಎಂಟು ಆರ್ಕ್ಟಿಕ್ ದೇಶಗಳ ವೇದಿಕೆಯ, ಸಚಿವರ ಸಭೆ ಸೇರಿತ್ತು. ಅಮೆರಿಕದ ಆಗಿನ ವಿದೇಶಾಂಗ ಕಾರ್ಯದರ್ಶಿ ಮೈಕ್ ಪಾಂಪಿಯೋ ಅದರ ಮುನ್ನಾದಿನ ಅಲ್ಲೇ ಭಾಷಣ ಮಾಡಿ, ಇರುವುದು ಆರ್ಕ್ಟಿಕ್ ದೇಶಗಳು ಮತ್ತು ಆರ್ಕ್ಟಿಕ್ ಅಲ್ಲದ ದೇಶಗಳು ಮಾತ್ರ, ಮೂರನೇ ವರ್ಗವೇ ಇಲ್ಲ ಎಂದರು. ಭೂಗೋಳದ ಮಟ್ಟಿಗೆ ಮಾತು ಸರಿ. ಆದರೆ ಮರುದಿನದ ಸಭೆಯಲ್ಲಿ ಹವಾಮಾನ ಬದಲಾವಣೆಯ ಉಲ್ಲೇಖವನ್ನು ಅಮೆರಿಕ ಒಪ್ಪದ ಕಾರಣ, 1996ರಲ್ಲಿ ಮಂಡಳಿ ಹುಟ್ಟಿದಾಗಿನಿಂದ ಮೊದಲ ಬಾರಿಗೆ ಜಂಟಿ ಘೋಷಣೆಯೇ ಹೊರಡಲಿಲ್ಲ. ಹಿಮ ಕರಗಿ ದಾರಿ ತೆರೆಯುತ್ತಿರುವುದರಿಂದಲೇ ದೂರದವರೂ ಬರುತ್ತಿದ್ದಾರೆ. ಬರುವವರನ್ನು ಗದರಿಸಿ, ಕರಗುವುದರ ಬಗ್ಗೆ ಮೌನವಾದರೆ ಅದನ್ನು ಧ್ರುವ ನೀತಿ ಎಂದು ಹೇಗೆ ಕರೆಯುವುದು?

ಹಡಗುಗಳ ವಿಷಯದಲ್ಲಿ ಅಮೆರಿಕದ ಆತಂಕಕ್ಕೆ ಆಧಾರವಿದೆ. ದಪ್ಪ ಹಿಮ ಒಡೆಯಬಲ್ಲ ಅದರ ಏಕೈಕ ಭಾರಿ ಐಸ್‌ಬ್ರೇಕರ್ ‘ಪೋಲಾರ್ ಸ್ಟಾರ್’ ಸೇವೆಗೆ ಸೇರಿದ್ದು 1976ರಲ್ಲಿ. ರಷ್ಯಾದ ಬಳಿ ಸಣ್ಣವು ದೊಡ್ಡವು ಸೇರಿ ನಲವತ್ತಕ್ಕೂ ಹೆಚ್ಚು ಐಸ್‌ಬ್ರೇಕರ್‌ಗಳಿವೆ, ಕೆಲವು ಅಣುಶಕ್ತಿಯವು. ಚೀನಾ 1993ರಲ್ಲಿ ಉಕ್ರೇನಿನಿಂದ ಕೊಂಡ ‘ಶ್ಯುಯೆ ಲೋಂಗ್’, ಅಂದರೆ ಹಿಮ ಡ್ರ್ಯಾಗನ್, 2012ರಲ್ಲಿ ಆರ್ಕ್ಟಿಕ್ ಸಾಗರ ದಾಟಿ ಐಸ್‌ಲ್ಯಾಂಡ್ ತಲುಪಿತು. 2019ರಲ್ಲಿ ಚೀನಾ ತಾನೇ ಕಟ್ಟಿದ ಎರಡನೆಯದು ಕೆಲಸ ಆರಂಭಿಸಿತು. ಆಮೇಲೂ ಸೇರ್ಪಡೆ ನಿಂತಿಲ್ಲ. 2024ರ ಜುಲೈನಲ್ಲಿ ಅಮೆರಿಕ, ಕೆನಡಾ, ಫಿನ್‌ಲ್ಯಾಂಡ್ ಕೂಡಿ ಐಸ್‌ಬ್ರೇಕರ್ ಕಟ್ಟುವ ಒಪ್ಪಂದ ಮಾಡಿಕೊಂಡವು. ವಿದೇಶಿ ಹಡಗುಕಟ್ಟೆಗೆ ತನ್ನ ಸರ್ಕಾರಿ ಹಡಗಿನ ಕೆಲಸ ಕೊಡಲು ಸಾಮಾನ್ಯವಾಗಿ ಒಪ್ಪದ ಅಮೆರಿಕ ಈಗ ಫಿನ್‌ಲ್ಯಾಂಡಿನ ಕಡೆ ಕೈ ಚಾಚಿದೆ.

ರಷ್ಯಾ ಇದಕ್ಕೆ ತದ್ವಿರುದ್ಧವಾಗಿ ನಡೆದಂತೆ ಕಾಣುತ್ತದೆ, ಆದರೆ ಒಳಗಿನ ಅಳುಕು ಅಲ್ಲೂ ಇದೆ. ಚೀನಾ ಆರ್ಕ್ಟಿಕ್ ಮಂಡಳಿಯ ವೀಕ್ಷಕನಾಗುವುದಕ್ಕೆ ಮೊದಲು ಮಾಸ್ಕೋ ಹಿಂದೇಟು ಹಾಕಿತ್ತು. 2014ರಲ್ಲಿ ಕ್ರೈಮಿಯಾ ವಶದ ನಂತರ ಪಾಶ್ಚಾತ್ಯ ಹಣದ ಬಾಗಿಲು ಮುಚ್ಚಿದಾಗ, ಉತ್ತರ ಸೈಬೀರಿಯಾದ ಯಮಾಲ್‌ನ ಅನಿಲ ಯೋಜನೆಯನ್ನು ಉಳಿಸಿದ್ದು ಚೀನಾದ ಬ್ಯಾಂಕುಗಳ ಸುಮಾರು 12 ಶತಕೋಟಿ ಡಾಲರ್ ಸಾಲ. ಆ ಯೋಜನೆಯಲ್ಲಿ ಚೀನಾದ ರಾಷ್ಟ್ರೀಯ ಪೆಟ್ರೋಲಿಯಂ ಸಂಸ್ಥೆಗೆ ಶೇ 20, ರೇಷ್ಮೆ ಮಾರ್ಗ ನಿಧಿಗೆ ಶೇ 9.9 ಪಾಲಿದೆ. ಉಕ್ರೇನ್ ಯುದ್ಧದ ನಂತರ ನಂಟು ಇನ್ನೂ ಬಿಗಿಯಾಯಿತು. 2024ರ ಜುಲೈನಲ್ಲಿ ಎರಡೂ ದೇಶಗಳ ಬಾಂಬರ್ ವಿಮಾನಗಳು ಅಲಾಸ್ಕಾದ ಬಳಿ ಒಟ್ಟಿಗೆ ಹಾರಿದವು. ಹಾಗೆಂದು ನಂಬಿಕೆ ಬೆಳೆದಿದೆಯೇ? 2020ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಆರ್ಕ್ಟಿಕ್ ವಿಜ್ಞಾನ ಅಕಾಡೆಮಿಯ ಮುಖ್ಯಸ್ಥ ವಲೇರಿ ಮಿಟ್ಕೊ ಅವರ ಮೇಲೆ ಚೀನಾಕ್ಕೆ ರಹಸ್ಯ ಕೊಟ್ಟ ಆರೋಪ ಹೊರಿಸಿದ್ದು ಇದೇ ರಷ್ಯಾ. ಇಂಥ ‘ಸ್ನೇಹ’ವನ್ನು ನಂಬಿ ನಕ್ಷೆ ಬರೆಯುವವರು ಎಚ್ಚರವಾಗಿರಬೇಕು.

ರಷ್ಯಾದ ಉತ್ತರ ಕರಾವಳಿಗುಂಟ ಹೋಗುವ ‘ಉತ್ತರ ಸಮುದ್ರ ಮಾರ್ಗ’ದ ಬಗ್ಗೆಯೂ ಒಂದು ಮಾತು. 2025ರ ಶರತ್ಕಾಲದಲ್ಲಿ ‘ಇಸ್ತಾಂಬುಲ್ ಬ್ರಿಡ್ಜ್’ ಎಂಬ ಕಂಟೇನರ್ ಹಡಗು ಚೀನಾದ ನಿಂಗ್ಬೊದಿಂದ ಸುಮಾರು 20 ದಿನಗಳಲ್ಲಿ ಇಂಗ್ಲೆಂಡಿನ ಫೆಲಿಕ್ಸ್‌ಟೋವ್ ತಲುಪಿ ಸುದ್ದಿಯಾಯಿತು. ಸೂಯೆಜ್ ಕಾಲುವೆಗೆ ಬದಲಿ ಬಂತು ಎಂದು ಅನೇಕರು ಬರೆದರು. ಆದರೆ 2024ರೊಳಗೆ ಈ ಮಾರ್ಗದಲ್ಲಿ 80 ದಶಲಕ್ಷ ಟನ್ ಸರಕು ಸಾಗಿಸಬೇಕೆಂದು ಪುಟಿನ್ 2018ರಲ್ಲಿ ಗುರಿ ಇಟ್ಟಿದ್ದರು. ಸಾಗಿದ್ದು 38 ದಶಲಕ್ಷ ಟನ್ನಿನಷ್ಟು, ಅದರಲ್ಲೂ ಬಹುಪಾಲು ರಷ್ಯಾದ್ದೇ ಅನಿಲ, ತೈಲ. ಆಸೆಗೂ ಹಿಮಕ್ಕೂ ನಡುವಿನ ಈ ಅಂತರವನ್ನು ನೀತಿ ಬರೆಯುವವರು ಅಳೆಯದಿದ್ದರೆ, ಇಲ್ಲದ ದಾರಿಯ ಕಾವಲಿಗೆ ಸುಂಕದಕಟ್ಟೆ ಕಟ್ಟಿದಂತಾಗುತ್ತದೆ.

ದಕ್ಷಿಣ ಧ್ರುವದಲ್ಲಿ ಇದೇ ಆಟ ನಿಧಾನಗತಿಯಲ್ಲಿ ನಡೆಯುತ್ತಿದೆ. ಅಂಟಾರ್ಕ್ಟಿಕಾದ ಶೇ 42ರಷ್ಟು ನೆಲ ತನ್ನದೆಂದು ಆಸ್ಟ್ರೇಲಿಯಾ ಹೇಳುತ್ತದೆ. 1959ರ ಒಪ್ಪಂದ ಆ ಹಕ್ಕುಗಳನ್ನು ಒಪ್ಪಿಯೂ ಇಲ್ಲ, ತಳ್ಳಿಯೂ ಇಲ್ಲ, ಇದ್ದಲ್ಲೇ ಇಟ್ಟಿದೆ. ಚೀನಾದ ಐದು ಕೇಂದ್ರಗಳಲ್ಲಿ ಮೂರು ಆ ಭಾಗದಲ್ಲಿವೆ. 2014ರ ನವೆಂಬರ್‌ನಲ್ಲಿ ಶಿ ಜಿನ್‌ಪಿಂಗ್ ಟಾಸ್ಮೇನಿಯಾದ ಹೋಬಾರ್ಟ್ ಬಂದರಿಗೆ ಬಂದಾಗ ಆಸ್ಟ್ರೇಲಿಯಾ ಅವರನ್ನು ಸಂಭ್ರಮದಿಂದ ಬರಮಾಡಿಕೊಂಡು ಸಹಕಾರ ಪತ್ರಕ್ಕೆ ಸಹಿ ಹಾಕಿತ್ತು. ಎಂಟು ವರ್ಷಗಳಾಗುವುದರೊಳಗೆ, 2022ರ ಫೆಬ್ರವರಿಯಲ್ಲಿ, ಅದೇ ದೇಶ ಡ್ರೋನ್, ಹೆಲಿಕಾಪ್ಟರ್, ಒಳನಾಡಿನ ಯಾತ್ರೆಗಳಿಗಾಗಿ 804 ದಶಲಕ್ಷ ಆಸ್ಟ್ರೇಲಿಯನ್ ಡಾಲರ್ ಘೋಷಿಸಿತು. 2024ರ ಫೆಬ್ರವರಿಯಲ್ಲಿ ಚೀನಾದ ಐದನೇ ಕೇಂದ್ರ ಛಿನ್‌ಲಿಂಗ್ ರಾಸ್ ಸಮುದ್ರದ ದಡದಲ್ಲಿ ತೆರೆಯಿತು. ಆಸ್ಟ್ರೇಲಿಯಾದ ಹಣ ವಿಜ್ಞಾನಕ್ಕೆ ಹೋಗುತ್ತದೆ, ಅದರ ಬಗ್ಗೆ ನನಗೆ ತಕರಾರಿಲ್ಲ. ನನ್ನ ತಕರಾರು ಚೀನಾದ ಮೇಲೆ ಇರುವುದು ಬೇರೆ ಕಡೆ: ಆ ಒಪ್ಪಂದದ ದೇಶಗಳ 2022ರ ಬರ್ಲಿನ್ ಸಭೆಯಲ್ಲಿ ಎಂಪರರ್ ಪೆಂಗ್ವಿನ್‌ಗೆ ವಿಶೇಷ ರಕ್ಷಣೆ ಕೊಡುವ ಪ್ರಸ್ತಾವವನ್ನು ಅದು ತಡೆಯಿತು. ಎಲ್ಲರ ಒಪ್ಪಿಗೆ ಬೇಕಾದ ವ್ಯವಸ್ಥೆಯಲ್ಲಿ ಒಬ್ಬರ ‘ಬೇಡ’ ಸಾಕು. ಹೊಸ ಕೇಂದ್ರಗಳಿಗಿಂತ ಈ ತಡೆಯುವ ಶಕ್ತಿಯೇ ಹೆಚ್ಚು ಚಿಂತಿಸಬೇಕಾದದ್ದು.

ಇನ್ನು ಭಾರತ. ನಿಮ್ಮ ಪ್ರಶ್ನೆಗೆ ನೇರವಾಗಿ ಹೇಳುವುದಾದರೆ, 2022ರ ಮಾರ್ಚ್ 17ರ ಆರ್ಕ್ಟಿಕ್ ನೀತಿ ಚೀನಾಕ್ಕೆ ಕೊಟ್ಟ ಉತ್ತರವಲ್ಲ, ಆದರೆ ಚೀನಾ ಇಲ್ಲದಿದ್ದರೆ ಅದು ಇಷ್ಟು ಬೇಗ ಬರುತ್ತಿರಲಿಲ್ಲ ಎಂದು ನಾನು ತಿಳಿಯುತ್ತೇನೆ. ನಾವು ಮರೆತಿರುವ ಒಂದು ಸಂಗತಿಯಿದೆ: ಒಂದು ಕಾಲದಲ್ಲಿ ಧ್ರುವದ ಒಡೆಯರನ್ನು ಬೆಚ್ಚಿಬೀಳಿಸಿದ ಹೊಸಬರು ನಾವೇ. 1956ರಲ್ಲಿ ಭಾರತ ಅಂಟಾರ್ಕ್ಟಿಕಾದ ವಿಷಯವನ್ನು ವಿಶ್ವಸಂಸ್ಥೆಯ ಮುಂದೆ ತರಲು ಹೊರಟಿತು. ಅಲ್ಲಿ ಅಣುಪರೀಕ್ಷೆ ನಡೆದರೆ ಹವಾಮಾನದ ಗತಿಯೇನು ಎಂಬುದು ನಮ್ಮ ಚಿಂತೆಗಳಲ್ಲೊಂದು. ಚಿಲಿ, ಅರ್ಜೆಂಟೀನಾಗಳು ಬಲವಾಗಿ ವಿರೋಧಿಸಿದವು, ಭಾರತ ಹಿಂದೆ ಸರಿಯಿತು, 1958ರಲ್ಲಿ ಮತ್ತೆ ಪ್ರಯತ್ನಿಸಿತು. ಮರುವರ್ಷ ಹನ್ನೆರಡು ದೇಶಗಳು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡವು, ನಮ್ಮನ್ನು ಹೊರಗಿಟ್ಟು. 1981ರ ಡಿಸೆಂಬರ್‌ನಲ್ಲಿ ಎಸ್. ಝಡ್. ಖಾಸಿಂ ಅವರ ನೇತೃತ್ವದ ತಂಡ ಗೋವಾದಿಂದ ಸದ್ದಿಲ್ಲದೆ ಹೊರಟು ಜನವರಿಯಲ್ಲಿ ಹಿಮದ ಮೇಲೆ ಕಾಲಿಟ್ಟಿತು. 1983ರಲ್ಲಿ ಅದೇ ಒಪ್ಪಂದದ ಮತಾಧಿಕಾರವುಳ್ಳ ಸದಸ್ಯರಾಗಿ ನಮ್ಮನ್ನು ಒಳಗೆ ಸೇರಿಸಿಕೊಂಡರು. ಹೊರಗೆ ನಿಂತು ಪ್ರಶ್ನೆ ಕೇಳುವವನಿಗಿಂತ ಪಂಕ್ತಿಯಲ್ಲಿ ಕೂತವನು ಲೇಸು ಎಂಬ ಲೆಕ್ಕಾಚಾರ ಆಗಲೂ ಇತ್ತು.

2013ರ ಮೇ 15ರಂದು ಸ್ವೀಡನ್ನಿನ ಕಿರುನಾದಲ್ಲಿ ನಡೆದದ್ದೂ ಅದೇ. ಅದಕ್ಕೆ ಎರಡು ವರ್ಷ ಮೊದಲು ನುಕ್ ಸಭೆಯಲ್ಲಿ ಆರ್ಕ್ಟಿಕ್ ಮಂಡಳಿ ಒಂದು ನಿಯಮ ಬರೆದಿಟ್ಟಿತು: ವೀಕ್ಷಕರಾಗಬೇಕಿದ್ದರೆ ಆರ್ಕ್ಟಿಕ್ ದೇಶಗಳ ಸಾರ್ವಭೌಮತ್ವವನ್ನು ಮೊದಲು ಒಪ್ಪಬೇಕು. ಆಮೇಲೆ ಒಂದೇ ದಿನ ಚೀನಾ, ಭಾರತ, ಜಪಾನ್, ದಕ್ಷಿಣ ಕೊರಿಯಾ, ಸಿಂಗಪುರ, ಇಟಲಿಗಳನ್ನು ಒಳಗೆ ಕರೆಯಿತು. ಚೀನಾ ತಟ್ಟಿದ ಬಾಗಿಲಿನಿಂದ ನಾವೂ ಒಳಹೋದೆವು. ಕೊರಿಯಾ ಅದೇ ವರ್ಷ, ಜಪಾನ್ 2015ರಲ್ಲಿ, ಚೀನಾ 2018ರಲ್ಲಿ ನೀತಿ ಪ್ರಕಟಿಸಿದವು. ನಮ್ಮದು ಕೊನೆಗೆ ಬಂತು.

ನಮ್ಮ ನೀತಿಯನ್ನು ಓದಿದರೆ ಒಂದು ಜಾಣತನ ಕಾಣುತ್ತದೆ. ಅದು ಸಮೀಪದವರು ಎಂದು ಹೇಳಿಕೊಳ್ಳುವುದಿಲ್ಲ. ಹಿಮಾಲಯ ಮೂರನೇ ಧ್ರುವ, ಆರ್ಕ್ಟಿಕ್‌ನ ಹಿಮಕ್ಕೂ ನಮ್ಮ ಮುಂಗಾರಿಗೂ ಇರುವ ಸಂಬಂಧ ತಿಳಿಯಬೇಕು ಎಂದು ವಿಜ್ಞಾನದ ದಾರಿಯಿಂದ ಒಳಬರುತ್ತದೆ. ಕೊರತೆಯಿರುವುದು ಮಾತಿನಲ್ಲಲ್ಲ, ಸಾಮಗ್ರಿಯಲ್ಲಿ. ಭಾರತದ ಬಳಿ ಸ್ವಂತದ ಒಂದು ಧ್ರುವ ಸಂಶೋಧನಾ ಐಸ್‌ಬ್ರೇಕರ್ ಇಲ್ಲ. ಅಂಟಾರ್ಕ್ಟಿಕಾಕ್ಕೆ ಪ್ರತಿವರ್ಷ ಬಾಡಿಗೆ ಹಡಗಿನಲ್ಲಿ ಹೋಗುತ್ತೇವೆ. ಚೀನಾವನ್ನು ನೋಡಿ ನಾವು ಕಲಿಯಬೇಕಾದದ್ದೇನಾದರೂ ಇದ್ದರೆ ಅದು ಘೋಷಣೆಯಲ್ಲ, ಹಡಗು.

ನಿ-ಓಲೆಸುಂಡ್‌ನಲ್ಲಿ ಆ ಕಲ್ಲಿನ ಸಿಂಹಗಳಿರುವ ಹಳ್ಳಿಯಲ್ಲೇ ನಮ್ಮ ‘ಹಿಮಾದ್ರಿ’ ಕೇಂದ್ರವೂ ಇದೆ, 2008ರಿಂದ. ಹದಿನೈದು ವರ್ಷ ಅದು ಬೇಸಿಗೆಯಲ್ಲಿ ಮಾತ್ರ ತೆರೆದಿರುತ್ತಿತ್ತು. ಸೂರ್ಯ ಮುಳುಗಿದ ಮೇಲೆ ಬೀಗ. 2023ರ ಡಿಸೆಂಬರ್‌ನಲ್ಲಿ ಮೊದಲ ಚಳಿಗಾಲದ ತಂಡ ಹೊರಟಿತು. ಅದರಲ್ಲಿ ಗೋವಾದ ಧ್ರುವ ಸಂಶೋಧನಾ ಕೇಂದ್ರ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ, ಮಂಡಿಯ ಐಐಟಿಗಳ ಜೊತೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ಬ್ರಹ್ಮಾಂಡದ ಮೊದಲ ನಕ್ಷತ್ರಗಳ ಕ್ಷೀಣ ರೇಡಿಯೋ ಸಂಕೇತ ಹುಡುಕಲು ಶರಾವತಿಯ ಹಿನ್ನೀರಿನಲ್ಲಿ ಆಂಟೆನಾ ತೇಲಿಬಿಟ್ಟಿದ್ದ ಅದೇ ಸಂಸ್ಥೆ. ಹಗಲೇ ಇಲ್ಲದ ಆ ತಿಂಗಳಲ್ಲಿ ಅವರು ಅಳೆಯಲು ಹೋದದ್ದು, ಸ್ವಾಲ್ಬಾರ್ಡಿನ ಗಾಳಿಯಲ್ಲಿ ರೇಡಿಯೋ ಗದ್ದಲ ಎಷ್ಟಿದೆ ಎಂಬುದನ್ನು.